ಪೆಟ್ಟಿಗೆ ತಾಳ ಹಾಕುತ್ತೆ, ಚರಣ ಎಲ್ಲಿ ಸ್ವಾಮಿ?

ಹಾಡು ಶುರುವಾದ ಕೂಡಲೇ ಶಿಳ್ಳೆ ಹೊಡೆಯುವ ಮಿತ್ರರೇ, ಒಂದು ಪ್ರಶ್ನೆ. ಪಲ್ಲವಿ ಮುಗಿದು, ಪಿಟೀಲುಗಳ ಹಿಂಡು ಒಮ್ಮೆಲೇ ಎದ್ದು, ತಬಲಾ ಗಕ್ಕನೆ ನಿಂತು, ಅರೆಗಳಿಗೆ ಮೌನದ ನಂತರ ಚರಣ ಎತ್ತಿಕೊಳ್ಳುತ್ತಲ್ಲ... ಆ ಜಾಗದಲ್ಲಿ ಮೈ ಜುಂ ಅನ್ನದವರು ಯಾರಾದರೂ ಇದ್ದೀರಾ? ಇದ್ದರೆ ನಡುಪುಟಕ್ಕೆ ಹೋಗಿ, ನಾಯಕಿಯ ಫೋಟೋ ಇದೆ. ಉಳಿದವರು ಕೂತ್ಕೊಳ್ಳಿ.

ಇದು ಗ್ರೂವ್‌ಬಾಕ್ಸ್ ಎಂಬ ಪೆಟ್ಟಿಗೆಯ ಕಥೆ. ಊಟದ ತಟ್ಟೆಯಷ್ಟು ಅಗಲ. ಒಳಗೆ ಡ್ರಮ್ಸು, ಬೇಸು, ಕೀಬೋರ್ಡು ಎಲ್ಲ ಇದೆ. ಮುಂದೆ ೧೬ ಗುಂಡಿ. ನಾಲ್ಕು ಹೊಡೆತದ ಒಂದು ಆವರ್ತವನ್ನು ೧೬ ಚೂರು ಮಾಡಿ, ಚೂರಿಗೊಂದು ಗುಂಡಿ. ಒತ್ತಿದ ಕಡೆ ಪೆಟ್ಟು ಬೀಳುತ್ತೆ. ಹೀಗೆ ಕಟ್ಟಿದ ಸುತ್ತಿಗೆ ಪ್ಯಾಟರ್ನ್ ಅಂತ ಹೆಸರು. ಸುತ್ತುತ್ತೆ, ಸುತ್ತುತ್ತಲೇ ಇರುತ್ತೆ. ಗಾಣದ ಎತ್ತು!

ನನ್ನ ಗೆಳೆಯನೊಬ್ಬ ಆರ್ಕೆಸ್ಟ್ರಾದಲ್ಲಿ ಪ್ಯಾಡ್ ನುಡಿಸುತ್ತಾನೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಕೈತುಂಬ ಪ್ರೋಗ್ರಾಂ, ಆಮೇಲೆ ಕೈ ಖಾಲಿ. ಸಂಗೀತ ನಿರ್ದೇಶಕನಾಗುವ ಹುಚ್ಚು. ಎರಡು ಸೀಜನ್ನಿನ ದುಡ್ಡು ಕೂಡಿಸಿ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಯೊಂದನ್ನು ತಂದ. ಕಂಪನಿ ಹೆಸರು ಬೇಡ ಬಿಡಿ. ಬಸ್ಸಿನ ಕೊನೇ ಸೀಟಿನಲ್ಲಿ ಹೆಡ್‌ಫೋನ್ ಏರಿಸಿಕೊಂಡು ಅದರಲ್ಲೇ ಟ್ಯೂನ್ ಕಟ್ಟುತ್ತಾನೆ.

ಹೊಸ ನಿರ್ದೇಶಕರೊಬ್ಬರು "ತಗೊಂಡು ಬಾ, ಕೇಳೋಣ" ಅಂದರು. ನಾನೂ ಜೊತೆಗಿದ್ದೆ. ಮೊದಲ ಹತ್ತು ಸೆಕೆಂಡ್ ತಲೆ ತೂಗಿದರು. ಅರ್ಧ ನಿಮಿಷಕ್ಕೆ ಕಾಫಿ ಲೋಟ ನೋಡಿದರು. ನಿಮಿಷ ತುಂಬುವಷ್ಟರಲ್ಲಿ, "ಬೀಟು ಚೆನ್ನಾಗಿದೆಯಪ್ಪ, ಆದ್ರೆ ಚರಣ ಎಲ್ಲಿ? ಇದು ಹಾಡಾ, ಹಿಟ್ಟಿನ ಗಿರಣಿಯಾ?"

"ಚರಣ ಇದೆ ಸಾರ್, ಬೇರೆ ಪ್ಯಾಟರ್ನಲ್ಲಿದೆ. ಕೈಯಲ್ಲಿ ಬದಲಾಯಿಸ್ಬೇಕು..." ಅಂತ ಇವನು ಗುಂಡಿಗೆ ಕೈ ಹಾಕುವಷ್ಟರಲ್ಲಿ ಅವರ ಫೋನು ಬಡಕೊಂಡಿತು. ಆ ಚಿತ್ರ ನಮ್ಮ ಪಾಲಿಗೆ ಅಲ್ಲಿಗೇ 'ಶುಭಂ'.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ ೧೨೦ ಹೊಡೆತದ ವೇಗದಲ್ಲಿ ನಾಲ್ಕು ನಿಮಿಷದ ಹಾಡೆಂದರೆ ೪೮೦ ಹೊಡೆತ, ೧೨೦ ಆವರ್ತ. ನಾಲ್ಕು ಆವರ್ತದ ಪ್ಯಾಟರ್ನ್ ಎಂಟೇ ಸೆಕೆಂಡಿಗೆ ಮುಗಿಯುತ್ತೆ. ಅದನ್ನೇ ೩೦ ಸಲ ಕೇಳುವ ಸಹನೆ ಯಾರಿಗಿದೆ? ಅದಕ್ಕೇ ಪ್ಯಾಟರ್ನುಗಳನ್ನು ಹೂವಿನಂತೆ ಪೋಣಿಸಿ, ಇದು ಎರಡು ಸಲ, ಅದು ನಾಲ್ಕು ಸಲ ಅಂತ ಪೆಟ್ಟಿಗೆಗೇ ಬರೆದುಕೊಡುವ ಸೌಕರ್ಯ ಬೇಕು. ಸಾಂಗ್ ಮೋಡ್ ಅನ್ನುವುದು ಇದಕ್ಕೇ.

ಇದೇನು ಆಕಾಶದ ನಕ್ಷತ್ರವೇ? ೧೯೮೦ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ತಂದ ಟಿಆರ್-೮೦೮ ಡ್ರಮ್ ಯಂತ್ರದಲ್ಲೇ ಪ್ಯಾಟರ್ನ್ ಪೋಣಿಸಿ ಇಡೀ ಹಾಡಿನ ತಾಳ ಬರೆದಿಡಬಹುದಿತ್ತು. ೧೯೯೯ರಲ್ಲಿ ಬಂದ ಕಾರ್ಗ್ ಎಲೆಕ್ಟ್ರೈಬ್‌ನಲ್ಲೂ ಸಾಂಗ್ ಮೋಡ್ ಇತ್ತು. ೨೦೧೪ರ ಹೊಸ ಎಲೆಕ್ಟ್ರೈಬ್‌ನಲ್ಲಿ ಅದು ಮಂಗಮಾಯ! ಸ್ವೀಡನ್ನಿನ ಎಲೆಕ್ಟ್ರಾನ್ ಕಂಪನಿಯ ಡಿಜಿಟಾಕ್ಟ್ ೨೦೧೭ರಲ್ಲಿ ಬಂದಾಗ ಅದರಲ್ಲೂ ಇರಲಿಲ್ಲ, ೨೦೨೨ರಲ್ಲಿ ಸೇರಿಸಿದರು. ಅಕಾಯ್ ಎಂಪಿಸಿಯಲ್ಲಿ ಮೊದಲಿಂದಲೂ ಸಾಂಗ್ ಮೋಡ್ ಉಂಟು. ೨೦೨೪ರಲ್ಲಿ ಹಾಡನ್ನು ಎಡದಿಂದ ಬಲಕ್ಕೆ ಚಾಪೆಯಂತೆ ಹಾಸಿ ನೋಡುವ ವ್ಯವಸ್ಥೆಯೂ ಬಂತು. ಅಂದರೆ ಮನಸ್ಸು ಮಾಡಿದರೆ ಆಗುತ್ತೆ.

"ಕೈಯಲ್ಲೇ ಬದಲಾಯಿಸೋದ್ರಲ್ಲೇ ಮಜಾ ಇರೋದು" ಅನ್ನುವ ಪಂಡಿತರಿದ್ದಾರೆ. ಒಪ್ಪೋಣ. ೧೯೮೨ರಲ್ಲಿ ಮುಂಬಯಿಯ ಚರಣ್‌ಜಿತ್ ಸಿಂಗ್, ಹಿಂದಿ ಚಿತ್ರಗಳ ವಾದ್ಯಗಾರರು, ಅದೇ ೮೦೮ ಮತ್ತು ಟಿಬಿ-೩೦೩ ಪೆಟ್ಟಿಗೆಗಳನ್ನು ಸುತ್ತಲು ಬಿಟ್ಟು, ಜುಪಿಟರ್-೮ ಕೀಬೋರ್ಡಿನಲ್ಲಿ ಹತ್ತು ರಾಗ ನುಡಿಸಿ ರೆಕಾರ್ಡ್ ಮಾಡಿದರು. ಆಗ ಅಷ್ಟಾಗಿ ಯಾರೂ ಕೊಳ್ಳಲಿಲ್ಲ; ೨೦೧೦ರಲ್ಲಿ ಮತ್ತೆ ಹೊರಬಂದಾಗ ವಿದೇಶದ ಡಿಸ್ಕೋ ಮಂದಿ ಮೂಗಿನ ಮೇಲೆ ಬೆರಳಿಟ್ಟರು. ಅಲ್ಲಿ ಸುತ್ತು ಸಾಕು, ಯಾಕಂದ್ರೆ ಅದರ ಮೇಲೆ ರಾಗ ಬೆಳೆಯುತ್ತೆ. ಸಿನಿಮಾ ಹಾಡಿನ ಜಾತಕವೇ ಬೇರೆ. ನಾಯಕ ಬೆಟ್ಟ ಇಳಿಯುವಾಗ ಒಂದು ಬಿಟ್, ನಾಯಕಿಯ ಸೀರೆ ಬದಲಾದಾಗ ಇನ್ನೊಂದು ಬಿಟ್. ಹಾಡುವವನಿಗೂ ಡ್ಯಾನ್ಸ್ ಮಾಸ್ಟರಿಗೂ ಪ್ರತಿ ಸಲ ಅದೇ ಜಾಗಕ್ಕೆ ಚರಣ ಬಂದು ಬೀಳಬೇಕು.

ಬರೀ ಪೋಣಿಸಿದರೂ ಸಾಲದು. ಗೆಳೆಯನ ಪೆಟ್ಟಿಗೆಯಲ್ಲಿ, ಎರಡನೇ ಪಲ್ಲವಿಗೆ ಡ್ರಮ್ಸ್ ಬೇಡ ಅಂದರೆ ಇಡೀ ಪ್ಯಾಟರ್ನನ್ನೇ ನಕಲು ಮಾಡಿ ಡ್ರಮ್ಸ್ ಅಳಿಸಬೇಕು. ಹೀಗೆ ಒಂದೇ ಪಲ್ಲವಿಗೆ ಆರು ನಕಲು. ಬೇಸಿನ ಒಂದು ಸ್ವರ ತಿದ್ದಬೇಕೆನಿಸಿದರೆ ಆರು ಕಡೆ ತಿದ್ದಬೇಕು. ಐದು ತಿದ್ದಿ ಒಂದು ಮರೆತರೆ ಸ್ಟೇಜಿನ ಮೇಲೆ ಅಪಸ್ವರ. ಪಲ್ಲವಿ ಒಂದೇ ಇರಲಿ, ಯಾವ ಸಲ ಯಾವ ವಾದ್ಯ ಬಾಯಿ ಮುಚ್ಚಬೇಕು ಅನ್ನುವುದನ್ನು ಪಕ್ಕದಲ್ಲೇ ಬರೆಯುವಂತಿರಲಿ. ಚರಣದ ಎತ್ತುಗಡೆಗೆ ಅರ್ಧ ಆವರ್ತದಲ್ಲೇ ಕತ್ತರಿಸುವಂತಿರಲಿ. ನಡುವೆ ಒಂದು ಬಿಜಿಎಂ ತೂರಿಸಿದರೆ ಮುಂದಿನದೆಲ್ಲ ತಾನಾಗಿ ಸರಿಯಲಿ. ನಿರ್ದೇಶಕರು ಕೂತಲ್ಲೇ "ಇನ್ನೊಂದು ಬಿಟ್ ಹಾಕಪ್ಪ" ಅನ್ನದೆ ಬಿಡುತ್ತಾರೆಯೇ? ಮತ್ತೆ ಆ ಎ-೦೩, ಬಿ-೧೧ ಎಂಬ ಕೈದಿ ನಂಬರುಗಳ ಬದಲು ಒಂದು ಹೆಸರು ಇಡೋಕೆ ಜಾಗ ಕೊಡಿ ಮಹರಾಯರೇ!

ಲ್ಯಾಪ್‌ಟಾಪ್‌ನಲ್ಲಿ ಇದೆಲ್ಲ ಇದೆಯಲ್ಲ, ಅದನ್ನೇ ಕೊಳ್ಳಬಾರದೇ ಅಂತ ಒಬ್ಬರು ಕೇಳಿದರು. "ಕೊಡಿಸ್ತೀರಾ ಅಣ್ಣಾ?" ಅಂದ ನನ್ನ ಗೆಳೆಯ. ಅವರು ಮಾತು ಬದಲಿಸಿದರು.

ಸದ್ಯಕ್ಕೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಹಾಡು ಬರೆದುಕೊಂಡಿದ್ದಾನೆ: ಪಲ್ಲವಿ ಎರಡು, ಬಿಟ್ ನಾಲ್ಕು, ಚರಣ ಎರಡು. ಅದನ್ನು ಗೋಡೆಗೆ ಅಂಟಿಸಿ, ಕೈಯಲ್ಲೇ ಪ್ಯಾಟರ್ನ್ ಬದಲಾಯಿಸುತ್ತಾ ಮೊಬೈಲಿಗೆ ರೆಕಾರ್ಡ್ ಮಾಡುತ್ತಾನೆ. ಆವರ್ತ ಎಣಿಸುವ ಕೆಲಸ ನನ್ನದು. ಮೊನ್ನೆ ರಾತ್ರಿ ೧೩ನೇ ಟೇಕಿನಲ್ಲಿ ಎರಡನೇ ಚರಣದವರೆಗೆ ತಪ್ಪಿಲ್ಲದೆ ಬಂದೆವು. ಅಷ್ಟರಲ್ಲಿ ಕರೆಂಟ್ ಹೋಯಿತು.