ಕೋಡಿಯಿಲ್ಲದ ಸರೋವರ

ನಮ್ಮ ನಾಡಿನ ಕೆರೆಗಳಿಗೆ ನೀರು ಬರುವದಕ್ಕೆ ಹಳ್ಳವೂ ಮಿಕ್ಕ ನೀರು ಹೋಗುವದಕ್ಕೆ ಕೋಡಿಯೂ ಇರುವದನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಹೊಳೆಯೊಂದು ಬಂದು ಸೇರದ, ಕೋಡಿಯೂ ಹರಿಯದ ಮಹಾ ಸರೋವರವೊಂದು ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಭಾಗದ ಆರೆಗನ್ ಸಂಸ್ಥಾನದಲ್ಲಿ ಉಂಟು. ಅದರ ಹೆಸರು ಕ್ರೇಟರ್ ಲೇಕ್. ಅದನ್ನೂ ಅದರ ಸುತ್ತಣ ಅರಣ್ಯವನ್ನೂ 1902ನೆಯ ಇಸವಿಯಲ್ಲಿ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಲಾಯಿತು. ಋತುಋತುವಿಗೂ ಅಲ್ಲಿ ಕಾಣುವದೇನು, ಅದರಿಂದ ನಾವು ಕಲಿಯತಕ್ಕದ್ದೇನು ಎಂಬದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆವು.

ಈ ಸರೋವರವಿರುವ ಸ್ಥಳದಲ್ಲಿ ಪೂರ್ವದಲ್ಲಿ ಮಝಾಮಾ ಎಂಬ ಜ್ವಾಲಾಮುಖಿ ಪರ್ವತವಿತ್ತು. ಸುಮಾರು 7,700 ವರುಷಗಳ ಹಿಂದೆ ಅದು ಭಯಂಕರವಾಗಿ ಸ್ಫೋಟಿಸಿ, ಒಳಗಿನ ಕರಗಿದ ಕಲ್ಲನ್ನೂ ಬೂದಿಯನ್ನೂ ಹೊರಕ್ಕೆ ಉಗುಳಿತು. ಆಧಾರವು ತಪ್ಪಿದ ಶಿಖರವು ತನ್ನೊಳಗೆ ತಾನೇ ಕುಸಿದುಬಿದ್ದು, ಕೊಪ್ಪರಿಗೆಯಂಥ ಕುಳಿಯಾಯಿತು. ಮಳೆಯೂ ಹಿಮವೂ ಹಲವು ಶತಮಾನಗಳ ವರೆಗೆ ಆ ಕುಳಿಯನ್ನು ತುಂಬಿದವು. ಅಲ್ಲಿಯ ಮೂಲನಿವಾಸಿಗಳಾದ ಕ್ಲಾಮತ್ ಜನರು, ಪಾತಾಳದ ಒಡೆಯನಾದ ಲಾವ್ ಎಂಬವನಿಗೂ ಆಕಾಶದ ಒಡೆಯನಾದ ಸ್ಕೆಲ್ ಎಂಬವನಿಗೂ ನಡೆದ ಯುದ್ಧದಲ್ಲಿ ಪರ್ವತವು ಕುಸಿಯಿತೆಂದು ಹೇಳುತ್ತಾರೆ. ಇದು ಬರಿಯ ಕಟ್ಟುಕಥೆಯಲ್ಲ. 1938ರಲ್ಲಿ ಆ ಸಂಸ್ಥಾನದ ಒಂದು ಗವಿಯಲ್ಲಿ ಇದೇ ಪರ್ವತದ ಬೂದಿಯ ಕೆಳಗೆ, ನಾರಿನಿಂದ ಹೆಣೆದ ಪಾದರಕ್ಷೆಗಳು ಅನೇಕ ದೊರೆತವು. ಪರ್ವತವು ಬೀಳುವದಕ್ಕೆ ಮುಂಚೆಯೇ ಆ ಸೀಮೆಯಲ್ಲಿ ಮನುಷ್ಯರು ವಾಸಿಸುತ್ತಿದ್ದರೆಂಬದಕ್ಕೆ ಇದೇ ಸಾಕ್ಷಿ.

1886ರಲ್ಲಿ ಡಟ್ಟನ್ ಎಂಬ ಅಧಿಕಾರಿಯ ತಂಡದವರು ದೋಣಿಯನ್ನು ಬೆಟ್ಟದ ಮೇಲಕ್ಕೆ ಸಾಗಿಸಿ, ಕಡಿದಾದ ದಡದಿಂದ ನೀರಿಗೆ ಇಳಿಸಿ, ತಂತಿಗೆ ಸೀಸದ ಗುಂಡನ್ನು ಕಟ್ಟಿ ಆಳವನ್ನು ಅಳೆದರು. ಅವರಿಗೆ ಸಿಕ್ಕಿದ ಲೆಕ್ಕ 1,996 ಅಡಿ. ಇಂದಿನ ಯಂತ್ರಗಳು ಹೇಳುವದು 1,943 ಅಡಿ. ಆ ದೇಶದಲ್ಲಿ ಇದಕ್ಕಿಂತ ಆಳವಾದ ಸರೋವರವಿಲ್ಲ.

ಇನ್ನು ಋತುಗಳ ಮಾತು. ಚಳಿಗಾಲವೇ ಅಲ್ಲಿ ದೀರ್ಘವಾದದ್ದು. ವರುಷಕ್ಕೆ ಸರಾಸರಿ ಸುಮಾರು 40 ಅಡಿ ಹಿಮ ಬೀಳುವದು. ಉತ್ತರದ ದಾರಿಯು ಮುಚ್ಚುವದು. ದಕ್ಷಿಣದಿಂದ ಮಾತ್ರ ಬರಬಹುದು. ಬಂದವರಿಗೂ ಸರೋವರವು ಕಾಣುವದೆಂಬ ಭರವಸೆಯಿಲ್ಲ. ಎಷ್ಟೋ ದಿನ ಮೋಡವೇ ಅದನ್ನು ಮುಚ್ಚಿರುವದು. ಇಷ್ಟು ಚಳಿಯಿದ್ದರೂ ನೀರು ಹೆಪ್ಪುಗಟ್ಟುವದು ಅಪರೂಪ, ಯಾಕಂದರೆ ಆ ಆಳವಾದ ನೀರು ಬೇಸಗೆಯ ಶಾಖವನ್ನು ಬೇಗ ಬಿಟ್ಟುಕೊಡುವದಿಲ್ಲ. ಅದು ಪೂರ್ಣವಾಗಿ ಹೆಪ್ಪುಗಟ್ಟಿದ್ದು 1949ರಲ್ಲಿ.

ನಮ್ಮಲ್ಲಿ ಮಾವು ಹಣ್ಣಾಗುವ ಕಾಲದಲ್ಲಿಯೂ ಅಲ್ಲಿಯ ರಸ್ತೆಗಳ ಮೇಲೆ ಆಳೆತ್ತರದ ಹಿಮ ನಿಂತಿರುವದು. ಯಂತ್ರಗಳಿಂದ ಅದನ್ನು ಸರಿಸುತ್ತ ಹೋದರೆ, ಅಂಚಿನ ಸುತ್ತಲಿರುವ 33 ಮೈಲಿನ ದಾರಿಯು ಪೂರ್ತಿಯಾಗಿ ತೆರೆಯುವದು ಸಾಧಾರಣವಾಗಿ ಜುಲಾಯಿ ತಿಂಗಳಲ್ಲಿ. ಆಗ ಬೇಸಗೆ. ಹಿಮ ಕರಗಿದಲ್ಲೆಲ್ಲಾ ಕಾಡುಹೂಗಳು ಅರಳುವವು. ನೀರು ನೀಲದಲ್ಲಿ ಅದ್ದಿದಂತೆ ತೋರುವದು. ಶುದ್ಧವಾದ ಆಳನೀರು ಬೆಳಕಿನ ಕೆಂಪು ಮೊದಲಾದ ಬಣ್ಣಗಳನ್ನು ಹೀರಿಕೊಂಡು ನೀಲಿಯನ್ನು ಚದರಿಸಿ ಹಿಂದಕ್ಕೆ ಕಳುಹಿಸುವದೇ ಇದಕ್ಕೆ ಕಾರಣ. ಪಶ್ಚಿಮ ದಡದ ಬಳಿಯಲ್ಲಿ ವಿಝರ್ಡ್ ದ್ವೀಪವೆಂಬ ಚಿಕ್ಕ ಬೆಂಕಿಬೆಟ್ಟವು ತಲೆಯೆತ್ತಿ ನಿಂತಿರುವದು. ಬುಡ ಕೆಳಗಾಗಿ ನೆಟ್ಟಗೆ ತೇಲುವ ಒಂದು ಹಳೆಯ ಮರದ ಕಾಂಡವನ್ನು ಪಂಡಿತರು 1896ರಲ್ಲಿಯೇ ಕಂಡು ಬರೆದಿಟ್ಟಿದ್ದಾರೆ. ಅದಕ್ಕೆ ‘ಸರೋವರದ ಮುದುಕ’ನೆಂದು ಹೆಸರು. ನೀರಿನ ಬಳಿಗೆ ಇಳಿಯಲು ಸುಮಾರು ಒಂದು ಮೈಲಿನ ಕಡಿದಾದ ಹಾದಿಯೊಂದೇ ಉಂಟು. ದುರಸ್ತಿಗಾಗಿ ಅದನ್ನು ಮುಚ್ಚುವದೂ ಉಂಟಾದ್ದರಿಂದ ಹೊರಡುವವರು ಮುಂಚಿತವಾಗಿ ವಿಚಾರಿಸತಕ್ಕದ್ದು. ಕೆಲವು ವರುಷ ಕಾಳ್ಗಿಚ್ಚಿನ ಹೊಗೆಯು ನೋಟವನ್ನೇ ಮರೆಮಾಡುವದು. ಸಪ್ಟೆಂಬರಿನಲ್ಲಿ ಗಾಳಿ ತಂಪಾಗಿ ಜನಸಂದಣಿ ಕಡಿಮೆಯಾಗುವದು. ಅಕ್ಟೋಬರಿನೊಳಗೆ ಹೊಸ ಹಿಮ ಬೀಳತೊಡಗುವದು.

ಹೀಗೆ ವರುಷವೆಲ್ಲಾ ಆಕಾಶವು ಕೊಟ್ಟದ್ದರಿಂದಲೇ ಸರೋವರವು ಜೀವಿಸುವದು. ಆವಿಯಾಗಿಯೂ ಕಲ್ಲಿನ ಸಂದುಗಳಲ್ಲಿ ಜಿನುಗಿಯೂ ನೀರು ಹೋಗುವದರಿಂದ ಅದರ ಮಟ್ಟವು ಹೆಚ್ಚು ಏರದೆ ಇಳಿಯದೆ ನಿಲ್ಲುವದು. ಹೊಳೆಯ ಕೆಸರು ಸೇರದ ಕಾರಣವೇ ಅದಕ್ಕೆ ಅಷ್ಟು ನಿರ್ಮಲತೆ. ಆದರೆ ಈ ಗುಣದಲ್ಲಿಯೇ ಒಂದು ಅಪಾಯವೂ ಅಡಗಿದೆ. ಮೊದಲು ಅದರಲ್ಲಿ ಮೀನುಗಳೇ ಇರಲಿಲ್ಲ. ಆ ಉದ್ಯಾನಕ್ಕಾಗಿ ಬಹು ವರುಷ ಶ್ರಮಪಟ್ಟ ವಿಲಿಯಂ ಸ್ಟೀಲ್ ಎಂಬವರೇ 1888ರಲ್ಲಿ ಸದ್ಭಾವದಿಂದ ಮೀನುಗಳನ್ನು ತಂದು ಬಿಟ್ಟರು. ಆ ಮೀನುಗಳಿಗೆ ಆಹಾರವಾಗಲೆಂದು 1915ರಲ್ಲಿ ಸಿಗಡಿಯ ಜಾತಿಯ ಕ್ರೇಫಿಷ್ ಎಂಬ ಪ್ರಾಣಿಯನ್ನು ಬಿಡಲಾಯಿತು. ಅದು ಈಗ ದಡದ ಬಹುಭಾಗಕ್ಕೆ ಹಬ್ಬಿ, ಲೋಕದಲ್ಲಿ ಬೇರೆಲ್ಲಿಯೂ ಇಲ್ಲದ ಮಝಾಮಾ ನ್ಯೂಟ್ ಎಂಬ, ನೆಲದಲ್ಲಿಯೂ ನೀರಿನಲ್ಲಿಯೂ ಬಾಳುವ ಹಲ್ಲಿಯಾಕಾರದ ಜಂತುವನ್ನು ಅಳಿಸುತ್ತಲಿದೆ. ಹಾಕಿದ್ದು ಒಂದು ದಿನದ ಕೆಲಸ. ತೆಗೆಯುವ ಉಪಾಯವು ಶತಮಾನ ಕಳೆದರೂ ಕೈಗೆ ಸಿಕ್ಕಿಲ್ಲ.

ಕೆಡಿಸಬೇಕೆಂದು ಯಾರೂ ಎಣಿಸಲಿಲ್ಲ, ಅಂದಗೊಳಿಸಬೇಕೆಂದೇ ಎಣಿಸಿದರು. ಆದದರಿಂದ ಪ್ರಕೃತಿಯು ಪೂರ್ಣವಾಗಿ ಮಾಡಿಟ್ಟಿರುವದಕ್ಕೆ ನಮ್ಮ ಕೈಯಿಂದ ಏನನ್ನಾದರೂ ಕೂಡಿಸುವ ಮೊದಲು, ಅದು ಹೇಗೆ ಬದುಕುತ್ತದೆಂಬದನ್ನು ನಾಲ್ಕು ಋತುಗಳಲ್ಲಿಯೂ ನಿಂತು ನೋಡಿ ತಿಳಿಯತಕ್ಕದ್ದು. ದೂರದ ಆ ಸರೋವರಕ್ಕೆ ಹೋಗುವ ಭಾಗ್ಯವು ನಮ್ಮ ಹುಡುಗಿಯರಲ್ಲಿ ಕೆಲವರಿಗೆ ಮುಂದೆ ದೊರೆಯಬಹುದು. ತಮ್ಮ ಊರಿನ ಕೆರೆಯ ಏರಿಯ ಮೇಲೆ ನಿಂತು ನೋಡುವ ಭಾಗ್ಯವಾದರೋ ಎಲ್ಲರಿಗೂ ಇಂದೇ ಉಂಟು.