ದೊಡ್ಡಮ್ಮನ ಕರವಸ್ತ್ರ

ಹೊರಡುವ ಮುಂಚೆ ದೊಡ್ಡಮ್ಮ ಒಂದು ಬಿಳಿ ಕರವಸ್ತ್ರ ಕೈಗಿಟ್ಟು, "ಯೇಸುಸ್ವಾಮಿಯನ್ನು ಮಲಗಿಸಿದ ಕಲ್ಲಿಗೆ ಒತ್ತಿಕೊಂಡು ಬಾ ಮಗ" ಅಂದಿದ್ದರು. ಜೆರುಸಲೇಮಿನಲ್ಲಿ ನಮ್ಮ ತಂಡಕ್ಕಿದ್ದದ್ದು ಒಂದೇ ದಿನ. ಬೆಳಿಗ್ಗೆ ಓಲಿವ್ ಗುಡ್ಡ ಇಳಿಯುವಾಗ ಎರಡು ಸಲ ಕಿಸೆ ಮುಟ್ಟಿ ನೋಡಿಕೊಂಡೆ.

ಬುಡದಲ್ಲಿ, ಯೇಸು ಕೊನೆಯ ರಾತ್ರಿ ಪ್ರಾರ್ಥಿಸಿದ ಗೆತ್ಸೆಮನಿ ತೋಟ. ಬೇಲಿಯಾಚೆ ಎಂಟು ಹಳೆಯ ಓಲಿವ್ ಮರಗಳು. ಹಿಂಡಿ ಬಿಟ್ಟ ಕಂಬಳಿಯ ಹಾಗೆ ತಿರುಚಿದ ಬೊಡ್ಡೆ, ಒಳಗೆ ಪೊಳ್ಳು, ಮೇಲೆ ಮಾತ್ರ ಬೂದುಹಸಿರು ಎಲೆ. ತಂಡದ ಹಿರಿಯರೊಬ್ಬರು, "ಸ್ವಾಮಿ ಬೆವರಿದ್ದನ್ನು ಕಂಡ ಮರಗಳು" ಅಂದು ಕಣ್ಣೊರೆಸಿಕೊಂಡರು. ನಾನು ಬಾಯಿ ಬಿಡಲಿಲ್ಲ. 2012ರಲ್ಲಿ ಪ್ರಕಟವಾದ ವಿಜ್ಞಾನಿಗಳ ಪರೀಕ್ಷೆಯ ಪ್ರಕಾರ, ಕಾಲ ಅಳೆಯಲು ಸಾಧ್ಯವಾದ ಕಾಂಡಗಳಿಗೆ ಸುಮಾರು 900 ವರ್ಷ. ಆದರೆ ಅದೇ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿಯೂ ಗೊತ್ತಾಯಿತು: ಎಂಟೂ ಒಂದೇ ತಾಯಿಮರದ ಕುಡಿಗಳು. ಆ ಮರದ ವಂಶ ಅಳಿಯಬಾರದೆಂದು ಯಾರೋ ರೆಂಬೆ ಕಡಿದು ನೆಟ್ಟಿರಬೇಕು. ಹಿರಿಯರ ಕಣ್ಣೀರು ಅಷ್ಟೇನೂ ದಾರಿ ತಪ್ಪಿರಲಿಲ್ಲ.

ಅಲ್ಲಿಂದ ಮುಂದಿನ ಶಿಲುಬೆಯ ಹಾದಿಯೆಂದರೆ ನಿಶ್ಶಬ್ದ ಎಂದುಕೊಂಡು ಹೋದರೆ ಕೆಟ್ಟಿರಿ. ಇಕ್ಕಟ್ಟು ಗಲ್ಲಿ, ಮಸಾಲೆ, ಚಪ್ಪಲಿ, ಮಾರಾಟಕ್ಕಿಟ್ಟ ಮುಳ್ಳಿನ ಕಿರೀಟ. ನನಗೇನೋ ಇದೇ ಸರಿ ಅನ್ನಿಸಿತು. ಯೇಸು ಶಿಲುಬೆ ಹೊತ್ತು ನಡೆದ ದಿನವೂ ಸಂತೆ ನಿಂತಿರಲಿಕ್ಕಿಲ್ಲ.

ಆ ಹಾದಿಯ 14 ಸ್ಥಳಗಳಲ್ಲಿ ಕೊನೆಯ ಐದು ಪವಿತ್ರ ಸಮಾಧಿ ಚರ್ಚಿನೊಳಗೇ ಇವೆ. ಆರು ಪಂಗಡಗಳು ಹಂಚಿಕೊಂಡ ಚರ್ಚು. ಬೀಗದಕೈ ಮಾತ್ರ ಒಂದು ಮುಸ್ಲಿಂ ಮನೆತನದ್ದು, ಬಾಗಿಲು ತೆರೆಯುವ ಕೆಲಸ ಇನ್ನೊಂದು ಮುಸ್ಲಿಂ ಮನೆತನದ್ದು. ಬಾಗಿಲ ಮೇಲಿನ ಕಿಟಕಿಗೊರಗಿದ ಮರದ ಏಣಿ 18ನೇ ಶತಮಾನದ ಚಿತ್ರದಲ್ಲೂ ಇದೆ. ಎಲ್ಲರೂ ಒಪ್ಪದೆ ಸರಿಸುವ ಹಾಗಿಲ್ಲ. ಪಾಲಾಗದೆ ಉಳಿದ ಅಣ್ಣತಮ್ಮಂದಿರ ಮನೆ ನೆನಪಾಗಿ ನಗು ಬಂತು.

ಒಳಗೆ ಕಡಿದಾದ ಮೆಟ್ಟಿಲು ಹತ್ತಿದರೆ ಯೇಸುವನ್ನು ಶಿಲುಬೆಗೇರಿಸಿದ ಜಾಗ, ಗೊಲ್ಗೊಥಾ. ಗ್ರೀಕರ ಪೀಠದಡಿ ಮೊಣಕಾಲೂರಿ, ರಂಧ್ರದೊಳಗೆ ಕೈ ಇಳಿಸಿದೆ. ಬೆರಳಿಗೆ ತಣ್ಣನೆಯ ಬಂಡೆ ಸಿಕ್ಕಿತು. ಸಮಾಧಿಯ ಮುಂದೆ ಗಂಟೆಗಟ್ಟಲೆ ಸಾಲು. ತಗ್ಗು ಬಾಗಿಲಲ್ಲಿ ಬಗ್ಗಿ ಒಳಗೆ ಹೋದೆ, ಒಂದು ಪ್ರಾರ್ಥನೆ ಮುಗಿಯುವ ಮೊದಲೇ ಹೊರಗಿದ್ದೆ.

ದೊಡ್ಡಮ್ಮ ಹೇಳಿದ ಕಲ್ಲು ಇದ್ದದ್ದು ಹೆಬ್ಬಾಗಿಲ ಎದುರಿಗೇ. ಬರುವಾಗ ಜನ ಮುತ್ತಿದ್ದರು, ಹೋಗುವಾಗ ಜಾಗ ಸಿಕ್ಕಿತು. ಯೇಸುವಿನ ದೇಹಕ್ಕೆ ಸುಗಂಧ ಲೇಪಿಸಿದ ಜಾಗದ ಗುರುತು ಅದು. ಈಗಿನ ಕೆಂಪು ಹಾಸುಗಲ್ಲು 1810ರದ್ದು. ಅದೂ ಗೊತ್ತಿತ್ತು. ಆದರೂ ಮಂಡಿಯೂರಿ ಕರವಸ್ತ್ರ ಹರಡಿ ನಾಲ್ಕೂ ಮೂಲೆ ಒತ್ತಿದೆ. ಪಕ್ಕದಲ್ಲಿ ತಲೆಗೆ ವಸ್ತ್ರ ಕಟ್ಟಿದ ಹೆಂಗಸೊಬ್ಬಳು ಪುಟ್ಟ ಸೀಸೆಯಿಂದ ಎಣ್ಣೆ ಸುರಿದು, ಅಂಗೈಯಲ್ಲಿ ಸವರಿ, ಮಗುವಿನ ಅಂಗಿಯೊಂದನ್ನು ಅದರಲ್ಲಿ ಅದ್ದುತ್ತಿದ್ದಳು. ನನ್ನ ಒಣ ಬಟ್ಟೆ ಅವಳ ಕಣ್ಣಿಗೆ ಬಿತ್ತು. ಭಾಷೆ ಬಾರದವಳು ಮಾತಾಡಲಿಲ್ಲ. ಸೀಸೆಯಲ್ಲಿ ಉಳಿದದ್ದನ್ನು ನನ್ನ ಮುಂದಿನ ಕಲ್ಲಿಗೆ ಬಗ್ಗಿಸಿದಳು.

ರಾತ್ರಿ ಬಸ್ಸಿನಲ್ಲಿ ನನ್ನ ಕಿಸೆಯೆಲ್ಲ ಗುಲಾಬಿ ವಾಸನೆ.