ಕಾಣದ ಗಾಯದ ಪಿಂಚಣಿ

ಗುಂಡೇಟಿನ ಗಾಯ ಊರಿಗೆಲ್ಲ ಕಾಣುತ್ತದೆ. ಜಠರದ ಹುಣ್ಣು ಯಾರಿಗೂ ಕಾಣದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಕುಚ್ಚಲಕ್ಕಿ ಗಂಜಿಯುಂಡು ಬೆಳೆದ ತರುಣನೊಬ್ಬನು ಸೇನೆ ಸೇರಿ, ಹೊತ್ತು ತಪ್ಪಿದ ಊಟ, ನಿದ್ದೆಗೆಟ್ಟ ಕಾವಲುಗಳ ನಡುವೆ ವರ್ಷಗಳನ್ನು ಕಳೆದು, ಹೊಟ್ಟೆನೋವಿನೊಡನೆ ಮನೆಗೆ ಮರಳಿದನೆನ್ನೋಣ. ಅಂಗವೈಕಲ್ಯ ಪಿಂಚಣಿಗೆ ಅವನು ಅರ್ಹನೆ?

ನಿಯಮ ಕೇಳುವ ಪ್ರಶ್ನೆಗಳು ಎರಡು. ರೋಗವು ಸೇವೆಯಿಂದ ಹುಟ್ಟಿತೆ, ಇಲ್ಲವೆ ಸೇವೆಯಿಂದ ಉಲ್ಬಣಿಸಿತೆ ಎಂಬುದು ಮೊದಲನೆಯದು. ವೈಕಲ್ಯವು ಶೇಕಡ 20ಕ್ಕೆ ಕಡಿಮೆಯಿಲ್ಲವೆ ಎಂಬುದು ಎರಡನೆಯದು. ಆದರೆ ವೈದ್ಯಕೀಯ ಮಂಡಳಿಯು ‘ಸೇವೆಗೆ ಸಂಬಂಧವಿಲ್ಲ’ ಎಂದು ಒಂದೇ ಸಾಲು ಬರೆದರೆ ಸಾಕು, ಅರ್ಜಿ ತಿರಸ್ಕೃತವಾಗುವುದುಂಟು.

ಇಂಥದೇ ತಿರಸ್ಕಾರಕ್ಕೊಳಗಾದ ಧರಮ್‌ವೀರ್ ಸಿಂಗ್ ಅವರ ಮೊಕದ್ದಮೆಯಲ್ಲಿ 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು 1982ರ ನಿಯಮಗಳ ಅರ್ಥವನ್ನು ಸ್ಪಷ್ಟಪಡಿಸಿತು. ಅವರದು ಮೂರ್ಛೆರೋಗ, ತತ್ತ್ವ ಮಾತ್ರ ಎಲ್ಲ ರೋಗಗಳಿಗೂ ಸಲ್ಲುವಂಥದು. ಸೇನೆ ಸೇರುವಾಗಿನ ತಪಾಸಣೆಯಲ್ಲಿ ರೋಗ ದಾಖಲಾಗಿರದಿದ್ದರೆ ಅದು ಸೇವೆಯಿಂದಲೇ ಬಂದುದೆಂದು ಭಾವಿಸತಕ್ಕದ್ದು. ಅಲ್ಲವೆಂದು ಸಾಧಿಸುವ ಹೊಣೆ ಸರಕಾರದ್ದು. ಮಂಡಳಿಯು ಕಾರಣಗಳನ್ನು ಕೊಡಲೇಬೇಕು. 2023ರ ಸೆಪ್ಟೆಂಬರ್ 21ರಿಂದೀಚೆಗೆ ಸೇವೆಯಿಂದ ಬಿಡುಗಡೆಯಾದವರಿಗೆ ಮಾತ್ರ ಹೊಸ ನಿಯಮಗಳು ಅನ್ವಯಿಸುತ್ತವೆ.

ಅರ್ಜಿ ತಿರಸ್ಕೃತವಾದವನು ಮೊದಲು ಇಲಾಖೆಗೇ ಎರಡು ಬಾರಿ ಮೇಲ್ಮನವಿ ಸಲ್ಲಿಸಬಹುದು. ಅನಂತರ, 2009ರಲ್ಲಿ ಕಾರ್ಯಾರಂಭ ಮಾಡಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಬಾಗಿಲು ತಟ್ಟಬಹುದು. ಅಲ್ಲಿ ಮಾತನಾಡುವುದು ಕಾಗದ. ಬಿಡುಗಡೆಯ ಪತ್ರ, ಮಂಡಳಿಯ ವರದಿ, ಸೇನಾ ಆಸ್ಪತ್ರೆಯ ಚೀಟಿಗಳು ಮನೆಯ ಪೆಟ್ಟಿಗೆಯಲ್ಲಿ ಜೋಪಾನವಾಗಿರಲಿ. ಹೊಟ್ಟೆಯ ರೋಗವನ್ನು ಹೇಳಿಕೊಳ್ಳಲು ಸಂಕೋಚಪಟ್ಟು ಸುಮ್ಮನಾದವನು ಹೆಂಡತಿ ಮಕ್ಕಳಿಗೆ ಸಲ್ಲಬೇಕಾದುದನ್ನೂ ಬಿಟ್ಟುಕೊಟ್ಟಂತಾಗುತ್ತದೆ.